‘ನಿಂಗ ಹೆಂಗ ಗೊತ್ತು?’: ಎಡದಂಡೆ ಕಾಲುವೆ ಪಕ್ಕದ ಶಾಲೆಗಳಿಗೆ ಗೋಡೆ ಪತ್ರಿಕೆ ಯಾಕೆ ಬೇಕು

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನ್ ತುಂಡಾಯಿತು. ಗೇಟು ನೀರಿನ ಜೊತೆ ಕೊಚ್ಚಿಹೋಯಿತು. ಬೆಳಗಾಗುವಷ್ಟರಲ್ಲಿ ಕೊಪ್ಪಳ, ರಾಯಚೂರು ಕಡೆಯ ಊರೂರಿನ ಫೋನುಗಳಲ್ಲೂ ಸುದ್ದಿ ಹರಿದಾಡುತ್ತಿತ್ತು. ‘ಡ್ಯಾಂ ಒಡದೈತಂತ’ ಅಂತ ಒಬ್ಬರು. ‘ಈ ಸಲ ನೆಲ್ಲು ಹೋತು’ ಅಂತ ಇನ್ನೊಬ್ಬರು.

ಆ ವಾರ ನಾನು ಈ ಅಣೆಕಟ್ಟಿನ ಎಡದಂಡೆ ಕಾಲುವೆಯ ನೀರು ನಂಬಿದ ಸಿಂಧನೂರು ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಗೆ ಹೋಗಿದ್ದೆ. ಹಿಂದೆ ಪತ್ರಿಕೆಯೊಂದರ ಡೆಸ್ಕಿನಲ್ಲಿ ಕೆಲಸ ಮಾಡಿದ್ದೆ. ಹಾಗಾಗಿ ಅಲ್ಲಿನ ಕನ್ನಡ ಮೇಡಂ ನನ್ನನ್ನು ಆಗಾಗ ಕರೆಯುತ್ತಾರೆ. ಒಂಬತ್ತನೇ ತರಗತಿಯ ಮಕ್ಕಳು ಅಲ್ಲಿ ತಿಂಗಳಿಗೊಂದು ಗೋಡೆ ಪತ್ರಿಕೆ, ಅಂದರೆ ಕೈಯಲ್ಲಿ ಬರೆದು ಗೋಡೆಗೆ ಅಂಟಿಸುವ ಪತ್ರಿಕೆ, ಮಾಡುತ್ತಾರೆ. ಅವತ್ತಿನ ಸುದ್ದಿ ಯಾವುದು ಅಂತ ಯಾರೂ ಕೇಳಬೇಕಾಗಿರಲಿಲ್ಲ. ಒಬ್ಬ ಹುಡುಗ ಆಗಲೇ ಬರೆದು ತಂದಿದ್ದ: ‘ತುಂಗಭದ್ರಾ ಅಣೆಕಟ್ಟು ಒಡೆದು ಎಲ್ಲಾ ನೀರು ಹರಿದು ಹೋಗಿದೆ.’

ಮೇಡಂ ಓದಿದರು. ತಪ್ಪು ಅನ್ನಲಿಲ್ಲ. ‘ನಿಂಗ ಹೆಂಗ ಗೊತ್ತು?’ ಅಂತ ಕೇಳಿದರು.

‘ವಾಟ್ಸಾಪ್‌ನ್ಯಾಗ ಬಂದಿತ್ರಿ ಮೇಡಂ.’

‘ವಾಟ್ಸಾಪ್‌ನ್ಯಾಗ ಹಾಕಿದವರಿಗೆ ಹೆಂಗ ಗೊತ್ತು?’

ಹುಡುಗ ಸುಮ್ಮನಾದ. ಆಮೇಲೆ ಇಡೀ ತರಗತಿ ಮೂರು ದಿನದ ಪತ್ರಿಕೆಗಳನ್ನು ನೆಲದ ಮೇಲೆ ಹರಡಿಕೊಂಡು ಕೂತಿತು. ಅಣೆಕಟ್ಟಿಗೆ ಒಟ್ಟು 33 ಗೇಟು. ಹೋಗಿದ್ದು ಒಂದು. ಅಣೆಕಟ್ಟು ಒಡೆದಿಲ್ಲ. ಗೇಟು ಇದ್ದ ಜಾಗಕ್ಕೆ ಸ್ಟಾಪ್‌ಲಾಗ್ (ನೀರು ತಡೆಯುವ ತಾತ್ಕಾಲಿಕ ಅಡ್ಡಹಲಗೆ) ಇಳಿಸಬೇಕು, ಅದಕ್ಕೆ ನೀರಿನ ಮಟ್ಟ ಕಮ್ಮಿಯಾಗಬೇಕು, ಅದಕ್ಕೇ ಉಳಿದ ಗೇಟುಗಳಿಂದಲೂ ನೀರು ಬಿಡುತ್ತಿದ್ದಾರೆ. ಒಂದೊಂದೇ ಎಳೆ ಬಿಡಿಸಿಕೊಂಡು ಹೋದರು. ಕೊನೆಗೆ ಹುಡುಗ ಹೀಗೆ ಬರೆದ: ‘19ನೇ ಗೇಟ್ ಕೊಚ್ಚಿಹೋಗಿದ್ದರಿಂದ ಅಣೆಕಟ್ಟಿನ ನೀರು ನದಿಗೆ ಹೋಗುತ್ತಿದೆ. ನಮ್ಮ ಕಾಲುವೆಗೆ ಎಷ್ಟು ದಿನ ನೀರು ಸಿಗುತ್ತದೆ ಎಂದು ಇವತ್ತಿಗೆ ಗೊತ್ತಾಗಿಲ್ಲ.’

ಮುಂದೆ ಒಂದು ವಾರದಲ್ಲಿ ಸ್ಟಾಪ್‌ಲಾಗ್ ಕೂತಿತು. ಮಳೆ ಕೈಹಿಡಿಯಿತು. ಅಣೆಕಟ್ಟು ಮತ್ತೆ ತುಂಬಿತು. ಆದರೆ ಅವತ್ತು ಹುಡುಗ ಬರೆದಿದ್ದು ಅವತ್ತಿಗೆ ಸರಿಯಾಗಿತ್ತು.

ಆ ಎರಡು ಬರಹಗಳ ನಡುವಿನ ದೂರವನ್ನು ಒಮ್ಮೆ ನೋಡಿ. ಎರಡನೆಯದರಲ್ಲಿ ಕಾರಣ ಇದೆ. ಅದರಿಂದ ಏನಾಯಿತು ಅನ್ನುವುದಿದೆ. ಗೊತ್ತಾಗದಿದ್ದನ್ನು ಗೊತ್ತಾಗಿಲ್ಲ ಅಂತ ಬರೆಯುವ ಧೈರ್ಯ ಇದೆ. ವಿಜ್ಞಾನದ ಉತ್ತರಕ್ಕೂ, ಸಮಾಜದ ಉತ್ತರಕ್ಕೂ ಇದೇ ಬೇಕು ಅಲ್ವಾ? ಶಾಲೆಯಲ್ಲಿ ಪತ್ರಿಕೆ ಮಾಡಿಸುವುದು ಅಂದರೆ ಮಕ್ಕಳನ್ನು ಪತ್ರಕರ್ತರನ್ನಾಗಿ ಮಾಡುವುದು ಅಂತ ತುಂಬ ಜನ ತಿಳಿದಿದ್ದಾರೆ. ನಾನು ಕಂಡಂತೆ ಅದು ಓದು, ಬರಹ, ಲೆಕ್ಕ ಮೂರನ್ನೂ ಒಟ್ಟಿಗೆ ಕಲಿಸುವ ಕೆಲಸ. ನಮ್ಮ ಭಾಗದ ಮಕ್ಕಳಿಗೆ ಇದು ಬೇಗ ಸಿಗಬೇಕು.

ಪಟ್ಟಿಯ ಕೆಳಗಿನಿಂದ ಹುಡುಕುವ ಹೆಸರುಗಳು

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಕಲ್ಯಾಣ ಕರ್ನಾಟಕದ ಜಿಲ್ಲೆಗಳನ್ನು ಪಟ್ಟಿಯ ಕೆಳಗಿನಿಂದ ಹುಡುಕುವುದು ನಮಗೆಲ್ಲ ರೂಢಿಯಾಗಿಬಿಟ್ಟಿದೆ. 2024ರಲ್ಲಿ ಯಾದಗಿರಿ ಕೊನೆ. 2025ರಲ್ಲಿ ಕಲಬುರಗಿ ಕೊನೆ. 2024ರಲ್ಲಿ ಇನ್ನೊಂದು ಸಂಗತಿ ನಡೆಯಿತು. ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಶುರು ಮಾಡಿದರು. ಹಿಂದಿನ ವರ್ಷ ಶೇ 83.89 ಇದ್ದ ರಾಜ್ಯದ ಫಲಿತಾಂಶ ಆ ವರ್ಷ ಶೇ 73.40ಕ್ಕೆ ಇಳಿಯಿತು. ಅದೂ ಕೃಪಾಂಕ ಹೆಚ್ಚಿಸಿದ ಮೇಲೆ. ಅಂದರೆ ಎಷ್ಟೋ ಮಕ್ಕಳು ತಮ್ಮ ಸ್ವಂತ ಮಾತಿನಲ್ಲಿ ಅರ್ಧ ಪುಟ ಬರೆಯುವುದನ್ನು ಕಲಿಯದೆಯೇ ಹತ್ತನೇ ತರಗತಿ ಮುಟ್ಟಿದ್ದರು.

ಹಣ ಬಂದಿಲ್ಲ ಅಂತ ಹೇಳಲಾಗದು. ಸಂವಿಧಾನದ 98ನೇ ತಿದ್ದುಪಡಿಯಿಂದ ಈ ಭಾಗಕ್ಕೆ ವಿಶೇಷ ಸ್ಥಾನಮಾನದ 371(ಜೆ) ವಿಧಿ ಸಿಕ್ಕಿತು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ‘ಅಕ್ಷರ ಆವಿಷ್ಕಾರ’ದ ಹೆಸರಲ್ಲಿ ಶಾಲೆಗಳಿಗೆ ಖರ್ಚು ಮಾಡುತ್ತಿದೆ. ಕೊಠಡಿ ಬೇಕು, ಶೌಚಾಲಯ ಬೇಕು, ಶಿಕ್ಷಕರಂತೂ ಬೇಕೇ ಬೇಕು. ನನ್ನ ಮಾತು ಕೊಠಡಿಯ ಒಳಗೆ ನಡೆಯುವುದರ ಬಗ್ಗೆ.

ಜನವರಿ ಬಂತೆಂದರೆ ಪ್ರೌಢಶಾಲೆಗಳಲ್ಲಿ ‘ಪಾಸಿಂಗ್ ಪ್ಯಾಕೇಜ್’ ಶುರುವಾಗುತ್ತದೆ. ಬರಬಹುದಾದ ಪ್ರಶ್ನೆ ಇಷ್ಟು, ಅದಕ್ಕೆ ಉತ್ತರ ಇಷ್ಟು, ಬಾಯಿಪಾಠ ಮಾಡಿ, ಹತ್ತು ಸಲ ಬರೆಯಿರಿ. ಶಿಕ್ಷಕರನ್ನು ನಾನು ದೂರುತ್ತಿಲ್ಲ. ಒಂದು ಮಗು ಫೇಲಾದರೆ, ಅದರಲ್ಲೂ ಹೆಣ್ಣುಮಗು ಫೇಲಾದರೆ, ಮದುವೆ ಮಾಡಿಬಿಡುತ್ತಾರೆ ಎಂಬ ಭಯ ಅವರಿಗಿದೆ. ಅದಕ್ಕೇ ಹೇಗಾದರೂ ಪಾಸ್ ಮಾಡಿಸಲು ಒದ್ದಾಡುತ್ತಾರೆ. ಆದರೆ ಹೀಗೆ ಪಾಸಾದ ಮಗು ಪಿಯುಸಿಗೆ ಹೋದಾಗ ಏನಾಗುತ್ತದೆ? ಅಲ್ಲಿ ಪುಸ್ತಕ ದಪ್ಪ, ಭಾಷೆ ಹೊಸದು, ಪ್ಯಾಕೇಜ್ ಇಲ್ಲ. ಉಪನ್ಯಾಸಕರು ಹೇಳಿದ್ದನ್ನು ಕೇಳಿ ನೋಟ್ಸ್ ಮಾಡಿಕೊಳ್ಳಲು ಬರುವುದಿಲ್ಲ. ಒಂದು ಪುಟ ಓದಿ ಅದರ ಸಾರ ನಾಲ್ಕು ಸಾಲಲ್ಲಿ ಹೇಳಲು ಬರುವುದಿಲ್ಲ. ಬುದ್ಧಿ ಇಲ್ಲದ ಕಾರಣಕ್ಕೆ ಅಲ್ಲ. ಹತ್ತು ವರ್ಷದಲ್ಲಿ ಒಂದು ಸಲವೂ ಆ ಕೆಲಸ ಮಾಡಿಸಿಲ್ಲ ಅನ್ನುವ ಕಾರಣಕ್ಕೆ.

ಶಾಲೆಯಲ್ಲಿ ಮಗು ಬರೆಯುವ ಪ್ರತಿ ಸಾಲಿಗೂ ಓದುಗರು ಒಬ್ಬರೇ: ಮೇಷ್ಟ್ರು. ಅವರಿಗೆ ಉತ್ತರ ಮೊದಲೇ ಗೊತ್ತು. ಗೊತ್ತಿರುವವರಿಗೆ ಗೊತ್ತಿರುವುದನ್ನೇ ಬರೆದು ತೋರಿಸುವಾಗ ಮಾತು ಬೆಳೆಯುವುದು ಕಷ್ಟ. ಗೋಡೆ ಪತ್ರಿಕೆಯಲ್ಲಿ ಓದುಗರು ಬೇರೆ. ಏಳನೇ ತರಗತಿಯ ತಂಗಿ ಓದುತ್ತಾಳೆ. ಬಿಸಿಯೂಟದ ಅಡುಗೆಯವರು ಬಂದು ನಿಂತು ‘ನಮ್ಮ ಬಗ್ಗಿ ಏನ್ ಬರದೀಯೋ ಯಪ್ಪಾ’ ಅಂತ ಕೇಳುತ್ತಾರೆ. ಅವರಿಗೆ ಅರ್ಥವಾಗುವ ಹಾಗೆ ಬರೆಯಲೇಬೇಕು. ತಪ್ಪು ಬರೆದರೆ ಅವರೇ ಬಂದು ಹೇಳುತ್ತಾರೆ.

ಒಂದು ಸುದ್ದಿಯೊಳಗೆ ಎಷ್ಟು ಪಾಠ

ಡೆಸ್ಕಿನಲ್ಲಿ ನಾವು ‘ಇಂಟ್ರೊ’ ಅನ್ನುತ್ತಿದ್ದೆವು. ಸುದ್ದಿಯ ಮೊದಲ ಪ್ಯಾರಾ. ಯಾರು, ಏನು, ಎಲ್ಲಿ, ಯಾವಾಗ, ಯಾಕೆ, ಹೇಗೆ ಅನ್ನುವುದರಲ್ಲಿ ಮುಖ್ಯವಾದದ್ದು ಅಲ್ಲಿ ಬರಬೇಕು. ಮಕ್ಕಳಿಗೆ ಇದು ತುಂಬ ಕಷ್ಟ. ಊರಿನ ಜಾತ್ರೆ ಬಗ್ಗೆ ಬರೆಯಲು ಹೇಳಿದರೆ ‘ನಮ್ಮ ಊರು ಸುಂದರವಾದ ಊರು’ ಅಂತ ಶುರು ಮಾಡುತ್ತಾರೆ. ಪ್ರಬಂಧದ ಪೀಠಿಕೆ ಹಾಗೆ ಕಲಿಸಿದೆ. ‘ಈ ಸಲ ಜಾತ್ರೆಗೆ ಹೋಗದವರಿಗೆ ಒಂದೇ ಒಂದು ಮಾತು ಹೇಳಬೇಕಾದರೆ ಏನು ಹೇಳ್ತಿ?’ ಅಂತ ಕೇಳಿದಾಗ ಮಗು ಯೋಚಿಸುತ್ತದೆ. ಮುಖ್ಯ ಯಾವುದು, ಗೌಣ ಯಾವುದು ಅಂತ ಬೇರೆ ಮಾಡುವ ಕೆಲಸ ಅಲ್ಲಿಂದ ಶುರು. ಇತಿಹಾಸದ ಪಾಠದ ಸಾರಾಂಶಕ್ಕೂ ಇದೇ ಕೈಚಳಕ ಬೇಕು.

ಆಮೇಲೆ ಪ್ರಶ್ನೆ. ನಮ್ಮ ಶಾಲೆಗಳಲ್ಲಿ ಪ್ರಶ್ನೆ ಕೇಳುವುದು ಶಿಕ್ಷಕರ ಕೆಲಸ, ಉತ್ತರ ಹೇಳುವುದು ಮಕ್ಕಳ ಕೆಲಸ. ಸಂದರ್ಶನಕ್ಕೆ ಹೋದಾಗ ಇದು ತಿರುಗಿಬೀಳುತ್ತದೆ. ಕಾಲುವೆ ನೋಡಿಕೊಳ್ಳುವ ಗ್ಯಾಂಗ್‌ಮನ್ ಒಬ್ಬರನ್ನು ಮಾತಾಡಿಸಲು ಹೋದ ಮೂವರು ಹುಡುಗಿಯರು ಮೊದಲು ಕೇಳಿದ್ದು, ‘ನಿಮ್ಮ ಕೆಲಸ ನಿಮಗೆ ಇಷ್ಟ ಐತೇನ್ರಿ?’ ಅವರು ‘ಹೌದವ್ವಾ’ ಅಂದರು. ಮಾತು ಮುಗಿಯಿತು. ಶಾಲೆಗೆ ವಾಪಸ್ ಬಂದು ಕೂತು ಪ್ರಶ್ನೆ ಬದಲಾಯಿಸಿಕೊಂಡರು. ಮಾರನೇ ದಿನ, ‘ನಿನ್ನೆ ಬೆಳಿಗ್ಗೆ ಎದ್ದಾಗಿಂದ ರಾತ್ರಿತನಕ ಏನೇನ್ ಮಾಡಿದ್ರಿ?’ ಅಂತ ಕೇಳಿದರು. ಅವರು ಒಂದು ಗಂಟೆ ಮಾತಾಡಿದರು. ‘ಹೌದು’, ‘ಇಲ್ಲ’ ಅಂತ ಉತ್ತರ ಬರುವ ಪ್ರಶ್ನೆಯಿಂದ ಏನೂ ಸಿಗುವುದಿಲ್ಲ ಅಂತ ಆ ಹುಡುಗಿಯರಿಗೆ ಯಾರೂ ಪಾಠ ಮಾಡಲಿಲ್ಲ.

ಆ ಒಂದು ಗಂಟೆಯ ಮಾತನ್ನು ಬರೆದುಕೊಳ್ಳುವುದು ಇನ್ನೊಂದು ಪಾಠ. ಎಲ್ಲವನ್ನೂ ಬರೆದುಕೊಳ್ಳಲು ಆಗದು. ಕೇಳುತ್ತಲೇ ಆರಿಸಬೇಕು. ಅವರ ಮಾತನ್ನು ಅವರದೇ ಮಾತಿನಲ್ಲಿ ಯಾವಾಗ ಹಾಕಬೇಕು, ನಮ್ಮ ಮಾತಿನಲ್ಲಿ ಯಾವಾಗ ಹೇಳಬೇಕು, ಇದೂ ಗೊತ್ತಾಗಬೇಕು. ಕಾಲೇಜಿನಲ್ಲಿ ಪ್ರಾಜೆಕ್ಟ್ ಬರೆಯುವಾಗ ಬೇರೆಯವರ ಮಾತನ್ನು ತಮ್ಮದೆಂದು ಹಾಕುವ ಹುಡುಗರಲ್ಲಿ ಎಷ್ಟೋ ಮಂದಿಗೆ ಮೋಸ ಮಾಡುವ ಉದ್ದೇಶ ಇರುವುದಿಲ್ಲ. ‘ಇದು ಇವರು ಹೇಳಿದ್ದು’ ಅಂತ ಬರೆಯುವ ಅಭ್ಯಾಸವೇ ಆಗಿರುವುದಿಲ್ಲ.

ಇಲ್ಲಿ ಭಾಷೆಯ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು. ಸಿಂಧನೂರು, ಗಂಗಾವತಿ ಕಡೆಯ ಒಂದು ತರಗತಿಯಲ್ಲಿ ಎಷ್ಟು ಮನೆಮಾತು ಇರಬಹುದು? ಕನ್ನಡ, ಉರ್ದು, ತೆಲುಗು, ಲಂಬಾಣಿ. ಸಿಂಧನೂರಿನ ಆರ್‌ಎಚ್ ಕ್ಯಾಂಪಿನ (ನಿರಾಶ್ರಿತರ ಪುನರ್ವಸತಿ ಕ್ಯಾಂಪ್) ಮಗುವಾದರೆ ಬಂಗಾಳಿ. ಕನ್ನಡವೇ ಮನೆಮಾತಾದ ಮಗುವಿಗೂ ಪುಸ್ತಕದ ಕನ್ನಡ ದೂರದ್ದು. ಮನೆಯಲ್ಲಿ ‘ಕಾಲುವಿ’, ಪುಸ್ತಕದಲ್ಲಿ ‘ನಾಲೆ’. ಈ ದೂರ ದಾಟಲಾಗದೆ ಮಗು ಬಾಯಿಪಾಠಕ್ಕೆ ಜೋತುಬೀಳುತ್ತದೆ. ವರದಿ ಬರೆಯುವಾಗ ಎರಡೂ ಕನ್ನಡಕ್ಕೆ ಜಾಗ ಇದೆ. ಅಜ್ಜಿ ಹೇಳಿದ್ದು ಅಜ್ಜಿಯ ಮಾತಿನಲ್ಲೇ ಇರಬೇಕು, ಅದರ ಸುತ್ತಲಿನ ವಿವರಣೆ ಬರಹದ ಕನ್ನಡದಲ್ಲಿ ಇರಬೇಕು. ತಾಂಡಾದ ಹುಡುಗಿಯೊಬ್ಬಳು ತನ್ನ ಅಜ್ಜಿಯನ್ನು ಲಂಬಾಣಿಯಲ್ಲಿ ಮಾತಾಡಿಸಿ ಕನ್ನಡದಲ್ಲಿ ಬರೆದಳು. ಒಂದು ಪದಕ್ಕೆ ಕನ್ನಡದಲ್ಲಿ ಸರಿಯಾದ ಮಾತು ಸಿಗಲಿಲ್ಲ ಅಂತ ಅರ್ಧ ದಿನ ಕೂತಿದ್ದಳು. ಆ ಅರ್ಧ ದಿನ ಅವಳು ಎರಡು ಭಾಷೆಯ ಬಗ್ಗೆ ಯೋಚಿಸಿದಷ್ಟನ್ನು ಯಾವ ವ್ಯಾಕರಣದ ಪಾಠವೂ ಯೋಚಿಸುವಂತೆ ಮಾಡಿರಲಿಲ್ಲ.

ಇನ್ನು ಲೆಕ್ಕ. ಪತ್ರಿಕೆ ಅಂದರೆ ಬರೀ ಭಾಷೆ ಅಂತ ತಿಳಿದ ಗಣಿತದ ಶಿಕ್ಷಕರನ್ನು ನಾನು ಬಿಡದೆ ಕರೆದು ಕೂರಿಸುತ್ತೇನೆ. ‘ಅಣೆಕಟ್ಟಿನಲ್ಲಿ ಇಷ್ಟು ಟಿಎಂಸಿ ನೀರಿದೆ’ ಅಂತ ನಮ್ಮ ಕಡೆಯ ಜಿಲ್ಲಾ ಪುಟದಲ್ಲಿ ದಿನಾ ಬರುತ್ತದೆ. ಟಿಎಂಸಿ ಅಂದರೆ ಏನು? ತರಗತಿಯಲ್ಲಿ ಕೇಳಿದಾಗ ಒಬ್ಬರಿಗೂ ಬರಲಿಲ್ಲ. ಒಂದು ಟಿಎಂಸಿ ಅಂದರೆ 100 ಕೋಟಿ ಘನ ಅಡಿ. ಒಂದು ಘನ ಅಡಿಗೆ ಸುಮಾರು 28.3 ಲೀಟರ್. ಹಾಗಾದರೆ ಒಂದು ಟಿಎಂಸಿಗೆ ಸುಮಾರು 2,830 ಕೋಟಿ ಲೀಟರ್. ಗುಣಿಸಿ ನೋಡಿದಾಗ ಸೊನ್ನೆಗಳ ಸಾಲು ಕಂಡು ಮಕ್ಕಳು ಹೌಹಾರಿದರು. ಆಮೇಲೆ ಹೂಳಿನ ಪ್ರಶ್ನೆ ಬಂತು. ಕಟ್ಟಿದಾಗ ಅಣೆಕಟ್ಟಿನ ಸಾಮರ್ಥ್ಯ ಸುಮಾರು 133 ಟಿಎಂಸಿ. ಈಗ ಸುಮಾರು 105. ಹೂಳು ತುಂಬಿ ಎಷ್ಟು ಪಾಲು ಹೋಯಿತು? ಶೇಕಡಾವಾರು ಲೆಕ್ಕ ಏಳನೇ ತರಗತಿಯಲ್ಲೇ ಕಲಿತಿದ್ದರು. ಆದರೆ ತಮ್ಮ ಹೊಲದ ನೀರಿಗೆ ಅದನ್ನು ಹಚ್ಚಿ ನೋಡಿರಲಿಲ್ಲ. ಐದರಲ್ಲಿ ಒಂದು ಪಾಲು ಅಂತ ಉತ್ತರ ಬಂದಾಗ ಒಬ್ಬ ಹುಡುಗ ಎದ್ದು ನಿಂತು, ‘ಅದಕ್ಕ ಏನ್ರಿ ಸರ್ ನಮಗ ಎರಡನೇ ಬೆಳಿಗೆ ನೀರು ಬರವಲ್ದು?’ ಅಂದ. ಒಳ್ಳೆಯ ಪ್ರಶ್ನೆ. ಆದರೆ ಉತ್ತರ ಅಷ್ಟು ಸುಲಭ ಇಲ್ಲ. ಎಡದಂಡೆ ಕಾಲುವೆ ಸುಮಾರು 227 ಕಿ.ಮೀ. ಉದ್ದ. ಮೇಲಿನವರು ಜಾಸ್ತಿ ಎತ್ತಿದರೆ ಮಾನ್ವಿ, ಸಿರವಾರದ ಕೊನೆ ಭಾಗಕ್ಕೆ ನೀರು ಮುಟ್ಟುವುದಿಲ್ಲ. 104ನೇ ಮೈಲಿಯ ಗೇಜ್ (ನೀರಿನ ಮಟ್ಟ) ಕಾಯಬೇಕು ಅಂತ ರೈತರು ಪ್ರತಿ ವರ್ಷ ಕೂಗುವುದು ಇದಕ್ಕೇ. ಒಂದು ಪರಿಣಾಮಕ್ಕೆ ಹಲವು ಕಾರಣ ಇರಬಹುದು ಅನ್ನುವುದು ಅವತ್ತಿನ ಪಾಠವಾಯಿತು.

ಇನ್ನೊಬ್ಬಳು ಹುಡುಗಿ ಹಾಜರಿ ಪುಸ್ತಕ ಕೇಳಿ ತೆಗೆದುಕೊಂಡು, ಹತ್ತಿ ಬಿಡಿಸುವ ವಾರಗಳಲ್ಲಿ ತರಗತಿಗೆ ಎಷ್ಟು ಮಂದಿ ಬಂದರು, ಬೇರೆ ವಾರಗಳಲ್ಲಿ ಎಷ್ಟು ಮಂದಿ ಬಂದರು ಅಂತ ಸ್ತಂಭಾಲೇಖ ಬರೆದಳು. ಗಣಿತದ ಸಂಖ್ಯಾಶಾಸ್ತ್ರದ ಅಧ್ಯಾಯದಲ್ಲಿ ಇರುವುದೂ ಅದೇ ಸ್ತಂಭಾಲೇಖ. ಆದರೆ ಇದರಲ್ಲಿ ಕುಸಿದ ಕಂಬದೊಳಗೆ ಅವಳ ಪಕ್ಕದ ಗೆಳತಿ ಇದ್ದಳು.

ಮಸ್ಕಿಯ ಬಂಡೆ, ಬಳ್ಳಾರಿಯ ಅಚ್ಚು

‘ನಿಂಗ ಹೆಂಗ ಗೊತ್ತು?’ ಅನ್ನುವುದು ಈ ನೆಲಕ್ಕೆ ಹೊಸ ಪ್ರಶ್ನೆ ಅಲ್ಲ. ದೇಶದ ತುಂಬ ಸಿಕ್ಕ ಶಾಸನಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಅಂತ ಇತ್ತು. ಅದು ಅಶೋಕನೇ ಇರಬೇಕು ಅಂತ ವಿದ್ವಾಂಸರು ತರ್ಕ ಮಾಡಿದ್ದರು. 1915ರಲ್ಲಿ ಚಿನ್ನದ ಅದಿರು ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರ್ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಒಂದು ಬಂಡೆ ಶಾಸನ ಕಂಡರು. ಅದರಲ್ಲಿ ಅಶೋಕ ಅನ್ನುವ ಹೆಸರೇ ಇತ್ತು. ಊಹೆಗೆ ಪುರಾವೆ ಸಿಕ್ಕಿತು. ಮಸ್ಕಿಯ ಮಕ್ಕಳಿಗೆ ಇದನ್ನು ಪರೀಕ್ಷೆಯ ಒಂದು ಅಂಕದ ಪ್ರಶ್ನೆಯಾಗಿ ಕಲಿಸುತ್ತೇವೆ. ಬಂಡೆಯ ಮುಂದೆ ನಿಲ್ಲಿಸಿ, ‘ಇದು ಸಿಗುವ ಮೊದಲು ಏನು ಗೊತ್ತಿತ್ತು, ಸಿಕ್ಕ ಮೇಲೆ ಏನು ಗೊತ್ತಾಯಿತು?’ ಅಂತ ಒಂದು ಸುದ್ದಿ ಬರೆಸಿದರೆ ಪುರಾವೆ ಅಂದರೇನು ಅಂತ ಜನ್ಮಪೂರ್ತಿ ನೆನಪಿರುತ್ತದೆ.

ಬಳ್ಳಾರಿಗೂ ಒಂದು ಹಕ್ಕಿದೆ. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಮಂಗಳೂರಿನಲ್ಲಿ ಶುರು ಮಾಡಿದ ‘ಮಂಗಳೂರ ಸಮಾಚಾರ’ ಕನ್ನಡದ ಮೊದಲ ಪತ್ರಿಕೆ. ಅದು ಕಲ್ಲಚ್ಚಿನಲ್ಲಿ ಬರುತ್ತಿತ್ತು. ಮರುವರ್ಷ ಒಳ್ಳೆಯ ಅಚ್ಚಿನ ಸೌಕರ್ಯ ಇದ್ದ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ ಆಯಿತು. ಪ್ರತಿ ಜುಲೈ 1ರಂದು ನಮ್ಮ ಜಿಲ್ಲೆಗಳಲ್ಲಿ ಪತ್ರಿಕಾ ದಿನಾಚರಣೆ ನಡೆಯುತ್ತದೆ. ಹಾರ, ಸನ್ಮಾನ, ಭಾಷಣ ಎಲ್ಲ ಇರುತ್ತದೆ. ಅವತ್ತು ಪ್ರತಿ ತಾಲ್ಲೂಕಿನ ಪತ್ರಕರ್ತರು ಒಂದೊಂದು ಪ್ರೌಢಶಾಲೆಗೆ ಹೋಗಿ ಎರಡು ತಾಸು ಮಕ್ಕಳ ಜೊತೆ ಕೂತರೆ ಎಷ್ಟು ಚೆನ್ನ.

ಬೇರೆ ಕಡೆ ಏನಾಗಿದೆ

ಫ್ರಾನ್ಸಿನ ಹಳ್ಳಿಯೊಂದರ ಶಿಕ್ಷಕ ಸೆಲೆಸ್ತಾ ಫ್ರೆನೆ 1924ರಲ್ಲಿ ತನ್ನ ತರಗತಿಗೆ ಒಂದು ಪುಟ್ಟ ಅಚ್ಚಿನ ಯಂತ್ರ ತಂದಿಟ್ಟ. ಮಕ್ಕಳು ತಮ್ಮ ಊರಿನ ಬಗ್ಗೆ ಬರೆದು, ತಾವೇ ಅಚ್ಚು ಜೋಡಿಸಿ, ಬೇರೆ ಊರಿನ ಶಾಲೆಗೆ ಅಂಚೆಯಲ್ಲಿ ಕಳಿಸುತ್ತಿದ್ದರು. ಅಲ್ಲಿಂದಲೂ ಬರುತ್ತಿತ್ತು. ಓದುಗರು ನಿಜವಾಗಿದ್ದಾಗ ಬರಹ ಹೇಗೆ ಬದಲಾಗುತ್ತದೆ ಅಂತ ಅವನು ಕಂಡಿದ್ದ. ಸಿಂಧನೂರಿನ ಶಾಲೆ ತನ್ನ ಪತ್ರಿಕೆಯ ಫೋಟೊವನ್ನು ಕುಷ್ಟಗಿಯ ಶಾಲೆಗೆ ಕಳಿಸಲು ಇವತ್ತು ಅಂಚೆಚೀಟಿಯೂ ಬೇಡ. ನೀರಾವರಿ ಊರಿನ ಮಗು ಮತ್ತು ಮಳೆ ನಂಬಿದ ಊರಿನ ಮಗು ಒಬ್ಬರಿಗೊಬ್ಬರು ಏನು ಬರೆಯಬಹುದು, ಯೋಚಿಸಿ.

ನಮ್ಮ ದೇಶದ ಉದಾಹರಣೆ ಇನ್ನೂ ಹತ್ತಿರದ್ದು. ಉತ್ತರ ಪ್ರದೇಶದ ಬಾಂದಾದಲ್ಲಿ 1990ರ ದಶಕದಲ್ಲಿ ಮಹಿಳಾ ಸಮಾಖ್ಯಾ ಎಂಬ ಸರ್ಕಾರಿ ಮಹಿಳಾ ಶಿಕ್ಷಣ ಕಾರ್ಯಕ್ರಮದ ಸಾಕ್ಷರತಾ ಕೆಲಸದಿಂದ ‘ಮಹಿಳಾ ಡಾಕಿಯಾ’ ಎಂಬ ಪತ್ರಿಕೆ ಹುಟ್ಟಿತು. ಹೊಸದಾಗಿ ಅಕ್ಷರ ಕಲಿತ ಹೆಂಗಸರೇ ಅದನ್ನು ಮಾಡುತ್ತಿದ್ದರು. ಅಕ್ಷರ ಕಲಿತವರು ಅದನ್ನು ಮರೆಯದಿರಲು ಓದಲಿಕ್ಕೆ, ಬರೆಯಲಿಕ್ಕೆ ಏನಾದರೂ ಬೇಕಿತ್ತು. ಆ ಅನುಭವದಿಂದಲೇ 2002ರಲ್ಲಿ ಚಿತ್ರಕೂಟದಲ್ಲಿ ಹಳ್ಳಿಯ ಹೆಂಗಸರೇ ನಡೆಸುವ ಸುದ್ದಿ ಪತ್ರಿಕೆ ‘ಖಬರ್ ಲಹರಿಯಾ’ ಶುರುವಾಯಿತು. ದಿಲ್ಲಿಯಲ್ಲಿ ಬೀದಿಯಲ್ಲಿ ದುಡಿಯುವ ಮಕ್ಕಳು 2003ರಿಂದ ‘ಬಾಲಕನಾಮಾ’ ಎಂಬ ಪತ್ರಿಕೆ ತರುತ್ತಿದ್ದಾರೆ.

ಅಂಕದ ಲೆಕ್ಕ ಕೇಳುವವರಿಗೆ ಅಮೆರಿಕದ ಅಧ್ಯಯನ ಇದೆ. ಇಂಡಿಯಾನಾ ವಿಶ್ವವಿದ್ಯಾಲಯದ ಜ್ಯಾಕ್ ಡ್ವೊರಾಕ್ 2008ರಲ್ಲಿ 31 ಸಾವಿರಕ್ಕೂ ಜಾಸ್ತಿ ವಿದ್ಯಾರ್ಥಿಗಳ ಅಂಕ ನೋಡಿದರು. ಪ್ರೌಢಶಾಲೆಯಲ್ಲಿ ಪತ್ರಿಕೆಯ ಕೆಲಸ ಮಾಡಿದವರು ಶಾಲೆಯಲ್ಲೂ, ಕಾಲೇಜಿನ ಮೊದಲ ವರ್ಷದ ಇಂಗ್ಲಿಷಿನಲ್ಲೂ ಉಳಿದವರಿಗಿಂತ ಸ್ವಲ್ಪ ಮುಂದಿದ್ದರು. ಇದನ್ನು ಓದಿ ಕುಣಿಯಬಾರದು. ಪತ್ರಿಕೆಗೆ ಸೇರಿದ್ದರಿಂದ ಜಾಣರಾದರೋ, ಜಾಣರಾಗಿದ್ದವರೇ ಪತ್ರಿಕೆಗೆ ಸೇರಿದರೋ? ಇಂಥ ಅಧ್ಯಯನದಿಂದ ಅದನ್ನು ಪೂರ್ತಿ ಬೇರೆ ಮಾಡಿ ಹೇಳಲಾಗದು. ನಮ್ಮಲ್ಲಿಯೂ ಶಾಲಾ ಸಂಚಿಕೆಗೆ ಬರೆಯುವವರು ಯಾರು? ಚೆಂದದ ಅಕ್ಷರ ಇರುವ ನಾಲ್ಕು ಮಕ್ಕಳು. ಅವರಿಗೆ ಇದರ ಅಗತ್ಯ ಕಮ್ಮಿ. ಹಿಂದಿನ ಬೆಂಚಿನ ಮಗು ಬರೆಯದಿದ್ದರೆ ಈ ಕೆಲಸ ಮಾಡಿಯೂ ಉಪಯೋಗ ಇಲ್ಲ ಅಂತ ನನ್ನ ಖಚಿತ ಅಭಿಪ್ರಾಯ. ಅದಕ್ಕೇ ಇದು ‘ಆಸಕ್ತರ ಕ್ಲಬ್’ ಆಗಬಾರದು, ಇಡೀ ತರಗತಿಯ ಕೆಲಸ ಆಗಬೇಕು. ಒಬ್ಬರು ಮಾತಾಡಿಸಿ ಬರಲಿ, ಒಬ್ಬರು ಎಣಿಸಲಿ, ಒಬ್ಬರು ಚಿತ್ರ ಬರೆಯಲಿ. ಆದರೆ ತನ್ನ ಹೆಸರಿನ ಮೂರು ಸಾಲು ಪ್ರತಿ ಮಗುವೂ ಬರೆಯಬೇಕು.

ಎಲ್ಲಿ ಕೆಡುತ್ತದೆ

ತುಂಬ ಕಡೆ ಕೆಡುವುದು ಒಂದೇ ರೀತಿ. ಶಿಕ್ಷಕರೇ ಬರೆದುಕೊಡುತ್ತಾರೆ, ಮಕ್ಕಳು ನಕಲು ಮಾಡುತ್ತಾರೆ. ಅಧಿಕಾರಿಗಳು ಬಂದಾಗ ತೋರಿಸಲು ಚೆನ್ನಾಗಿರುತ್ತದೆ. ಕಲಿಕೆ ಸೊನ್ನೆ. ಈಗ ಫೋನಿನಲ್ಲಿ ಕೇಳಿದರೆ ಇಡೀ ಲೇಖನ ಬರೆದುಕೊಡುವ ಆ್ಯಪ್‌ಗಳೂ ಬಂದಿವೆ. ‘ಮಳೆ ನೀರು ಕೊಯ್ಲು’ ಅಂತ ವಿಷಯ ಕೊಟ್ಟರೆ ಮಗು ಅಲ್ಲಿಂದಲೇ ತರುತ್ತದೆ. ‘ನಮ್ಮ ಓಣಿಯ ನಳಕ್ಕೆ ಕಳೆದ ವಾರ ಎಷ್ಟು ದಿನ ನೀರು ಬಂತು?’ ಅಂತ ಕೊಟ್ಟರೆ ಹೋಗಿ ನೋಡದೆ ಬೇರೆ ದಾರಿ ಇಲ್ಲ.

ಇನ್ನೊಂದು, ಹೆದರಿಕೆ. ಶೌಚಾಲಯದಲ್ಲಿ ನೀರಿಲ್ಲ ಅಂತ ಮಗು ಬರೆದರೆ ಮುಖ್ಯ ಶಿಕ್ಷಕರಿಗೆ ಮೇಲಿನಿಂದ ಫೋನ್ ಬರಬಹುದು. ಈ ಹೆದರಿಕೆ ಸುಳ್ಳಲ್ಲ. ಒಂದು ಶಾಲೆಯಲ್ಲಿ ಅಂಟಿಸಿದ ಮರುದಿನವೇ ಪತ್ರಿಕೆ ಕಿತ್ತಿದ್ದನ್ನು ನಾನೇ ನೋಡಿದ್ದೇನೆ. ಅವತ್ತು ಆ ಮಕ್ಕಳ ಮುಖ ನೋಡಲಾಗಲಿಲ್ಲ. ನನಗೆ ತಿಳಿದ ದಾರಿ ಒಂದಿದೆ. ತೊಂದರೆ ಬಗ್ಗೆ ಬರೆಯುವ ಮಗು ಸಂಬಂಧಪಟ್ಟವರನ್ನು ಕೇಳಿಯೇ ಬರೆಯಬೇಕು. ಪಂಚಾಯಿತಿಯವರು ಏನಂದರು, ಮುಖ್ಯ ಶಿಕ್ಷಕರು ಏನಂದರು, ಅದೂ ಅದೇ ಸುದ್ದಿಯಲ್ಲಿ ಇರಬೇಕು. ಎರಡೂ ಕಡೆಯ ಮಾತು ಕೇಳಿದ ಬರಹವನ್ನು ಕಿತ್ತುಹಾಕುವುದು ಅಷ್ಟು ಸುಲಭವಲ್ಲ. ಮಕ್ಕಳ ಗ್ರಾಮ ಸಭೆ ನಡೆದಾಗ ಅದೇ ಬರಹ ಓದಿ ಹೇಳಬಹುದು.

ಮೂರನೆಯದು ಎಲ್ಲಕ್ಕಿಂತ ಸೂಕ್ಷ್ಮ. ಗೆಳತಿಯ ಮದುವೆ ನಿಶ್ಚಯವಾಗಿದೆ ಅಂತ ಹದಿನಾಲ್ಕರ ಹುಡುಗಿ ಬರೆದು ತರುತ್ತಾಳೆ. ಅದು ಗೋಡೆಗೆ ಹೋಗುವಂತಿಲ್ಲ. ಹೆಸರು ಬರೆಯದಿದ್ದರೂ ಸಣ್ಣ ಊರಿನಲ್ಲಿ ಯಾರೆಂದು ಎಲ್ಲರಿಗೂ ಗೊತ್ತಾಗುತ್ತದೆ. ಇಂಥ ಮಕ್ಕಳ ಗುರುತು ಹೊರಗೆಡವಬಾರದು ಅಂತ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಹೇಳುತ್ತದೆ. ಅವತ್ತು ಶಿಕ್ಷಕರು ಮಾಡಬೇಕಾದ ಕೆಲಸ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್. ಯಾವುದನ್ನು ಬರೆಯಬಾರದು, ಯಾಕೆ ಬರೆಯಬಾರದು ಅನ್ನುವ ಮಾತು ಪತ್ರಿಕೆಯ ಮೊದಲ ವಾರವೇ ಆಗಬೇಕು. ಜಾತಿ ಹಿಡಿದು ಬೈಯುವುದು, ಯಾರದೋ ಮನೆಯ ಜಗಳ, ಯಾರದೋ ಕಾಯಿಲೆ, ಇವೂ ಅಷ್ಟೇ.

ತಪ್ಪಾದಾಗ ಏನು ಮಾಡಬೇಕು? ತಿದ್ದುಪಡಿ ಹಾಕಬೇಕು. ಒಮ್ಮೆ ಬಿಸಿಯೂಟಕ್ಕೆ ಬಂದ ಬೇಳೆಯ ಲೆಕ್ಕವನ್ನು ಮಕ್ಕಳು ತಪ್ಪಾಗಿ ಬರೆದಿದ್ದರು. ಅಡುಗೆಯವರಿಗೆ ನೋವಾಯಿತು. ಮುಂದಿನ ಸಂಚಿಕೆಯ ಮೇಲ್ತುದಿಯಲ್ಲಿ ಕೆಂಪು ಸ್ಕೆಚ್ ಪೆನ್ನಿನಲ್ಲಿ ‘ನಾವು ಬರೆದದ್ದು ತಪ್ಪು. ಸರಿ ಲೆಕ್ಕ ಇದು’ ಅಂತ ಬಂತು. ಬರೆದವನು ಹೋಗಿ ಅಡುಗೆಯವರಿಗೆ ಓದಿಯೂ ಹೇಳಿದ. ಉತ್ತರಪತ್ರಿಕೆಯಲ್ಲಿ ತಪ್ಪಾದರೆ ಅಂಕ ಹೋಗುತ್ತದೆ, ಅಷ್ಟಕ್ಕೇ ಮುಗಿಯುತ್ತದೆ. ಇಲ್ಲಿ ತಪ್ಪನ್ನು ತಾನೇ ಸರಿ ಮಾಡಬೇಕು.

ಶುರು ಮಾಡಲು ಜಾಸ್ತಿ ಏನೂ ಬೇಡ. ಒಂದು ಡ್ರಾಯಿಂಗ್ ಶೀಟ್, ಎರಡು ಸ್ಕೆಚ್ ಪೆನ್, ಅಂಟು. ಬೆಳಗಿನ ಪ್ರಾರ್ಥನೆಯಲ್ಲಿ ಮಕ್ಕಳು ಈಗಲೂ ಪತ್ರಿಕೆಯ ತಲೆಬರಹ ಓದುತ್ತಾರೆ. ಅದರ ಜೊತೆ ನಮ್ಮೂರಿನ ಒಂದು ಸುದ್ದಿ, ತಾವೇ ನೋಡಿ ಕೇಳಿ ಬರೆದದ್ದು, ಎರಡೇ ಸಾಲು ಸೇರಿಸಿದರೂ ಸಾಕು. ಪಂಚಾಯಿತಿಯ ಅರಿವು ಕೇಂದ್ರದಲ್ಲಿ (ಗ್ರಂಥಾಲಯ) ಪತ್ರಿಕೆಗಳು ಬರುತ್ತವೆ, ಅಲ್ಲಿನ ಗೋಡೆಯೂ ಇದೆ. ಕನ್ನಡದಲ್ಲಿ 25, ಬೇರೆ ವಿಷಯಗಳಲ್ಲಿ 20 ಆಂತರಿಕ ಅಂಕ ಇದ್ದೇ ಇವೆ. ಯಾವುದೋ ಚಾರ್ಟ್ ನಕಲು ಮಾಡಿಸುವ ಬದಲು ಒಂದು ವರದಿಯ ಮೊದಲ ಕರಡು, ತಿದ್ದಿದ ಕರಡು ಎರಡನ್ನೂ ನೋಡಿ ಆ ಅಂಕ ಕೊಡಬಹುದು. ಅತಿಥಿ ಶಿಕ್ಷಕರಿಂದಲೇ ನಡೆಯುವ ಶಾಲೆಗಳಲ್ಲಿ ಹೊಸ ಕೆಲಸ ಹೊರಿಸುವುದು ಕಷ್ಟ, ಒಪ್ಪುತ್ತೇನೆ. ಆದ್ದರಿಂದಲೇ ಇದು ಹೊಸ ಕೆಲಸವಾಗಿ ಬರಬಾರದು. ಈಗ ಮಾಡಿಸುವ ಚಟುವಟಿಕೆಯ ಜಾಗದಲ್ಲಿ ಬರಬೇಕು.

ನನ್ನನ್ನು ಕಾಡುವುದು ಗುಳೆ. ಸುಗ್ಗಿ ಮುಗಿದ ಮೇಲೆ ಅಪ್ಪ ಅಮ್ಮನ ಜೊತೆ ಬೆಂಗಳೂರಿಗೆ ಹೋಗುವ ಮಕ್ಕಳು. ಮಳೆ ನಂಬಿದ ಊರುಗಳಿಂದ ಜಾಸ್ತಿ, ಕಾಲುವೆಯ ಕೊನೆ ಭಾಗದಿಂದಲೂ ಹೋಗುತ್ತಾರೆ. ಕಳೆದ ವರ್ಷ ಸಿಂಧನೂರಿನ ಆ ತರಗತಿಯಿಂದ ಒಬ್ಬ ಹುಡುಗ ಹೊರಟ. ಹೋಗುವ ಮುನ್ನ ಮೇಡಂ ಅವನನ್ನು ಪತ್ರಿಕೆಯ ‘ಬೆಂಗಳೂರು ವರದಿಗಾರ’ ಅಂತ ಮಾಡಿದರು. ಒಂದು ನೋಟ್‌ಬುಕ್, ಒಂದು ಪೆನ್ ಕೊಟ್ಟರು. ಮೊದಲ ವರದಿ ಅಪ್ಪನ ಫೋನಿನಲ್ಲಿ ವಾಯ್ಸ್ ಮೆಸೇಜಾಗಿ ಬಂತು. ಶೆಡ್ಡಿನಲ್ಲಿ ನಮ್ಮ ಜಿಲ್ಲೆಯವರು ಎಷ್ಟು ಮನೆ, ಕಲಬುರಗಿಯವರು ಎಷ್ಟು ಮನೆ, ಕುಡಿಯುವ ನೀರಿನ ಟ್ಯಾಂಕರ್ ಎಷ್ಟು ದಿನಕ್ಕೊಮ್ಮೆ ಬರುತ್ತದೆ. ‘ನಾನೇ ಎಣಿಸೀನಿ ಮೇಡಂ’ ಅಂತ ಕೊನೆಗೆ ಹೇಳಿದ್ದ. ಎರಡನೆಯದು ನೋಟ್‌ಬುಕ್ಕಿನ ಹಾಳೆಯ ಫೋಟೊ. ಒತ್ತಕ್ಷರ ತಪ್ಪಿದ್ದವು, ಅಂಕಿ ಸರಿ ಇದ್ದವು. ಗೆಳೆಯರು ಅದನ್ನು ದೊಡ್ಡದಾಗಿ ಬರೆದು ಅಂಟಿಸಿದರು.

ಮೂರನೆಯದು ಬರಲಿಲ್ಲ. ಆ ನಂಬರ್ ಹತ್ತುವುದಿಲ್ಲ. ಮೇಡಂ ಪ್ರತಿ ಶನಿವಾರ ಶಾಲೆ ಬಿಟ್ಟ ಮೇಲೆ ಒಮ್ಮೆ ಮಾಡಿ ನೋಡುತ್ತಾರೆ.